ಆನೆ ತಮ್ಮ ಬೆನ್ನ ಹಿಂದೆ ಸತ್ತು ಬಿದ್ದಾಗ ನನ್ನ ಫೋಟೋ ತೆಗೆದ ಕ್ಯಾಮೆರಾ ಸಾಹೇಬರಿಗೆ

ಮಾನ್ಯರೇ,

ಕಾಡಿನಂಚಿನ ಕಾಲುದಾರಿಯ ಪಕ್ಕದ ಮರಕ್ಕೆ ಬೆಲ್ಟು ಬಿಗಿದುಕೊಂಡು, ಬಿಸಿಲು ಮಳೆಯೆನ್ನದೆ, ಭತ್ಯೆ ಕೇಳದೆ, ಆನೆಗಳ ರಕ್ಷಣೆಗಾಗಿ ಕಣ್ಣು ಮಿಟುಕಿಸದೆ ನಿಂತಿರುವ ತಮಗೆ, ಅದೇ ದಾರಿಯಲ್ಲಿ ದಿನಾ ಸಂಜೆ ಅಡ್ಡಾಡುವ ನಿವೃತ್ತ ಸ್ಟುಡಿಯೋ ಫೋಟೋಗ್ರಾಫರನ ನಮಸ್ಕಾರಗಳು. 'ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್ ಫ್ಯೂ ಲೈನ್ಸ್' ಎಂದು ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ಆ ಲೈನುಗಳು ಕಾಲೇಜಿನಲ್ಲೇ ಉಳಿದುಬಿಟ್ಟಿರುವುದರಿಂದ ಕನ್ನಡಕ್ಕೆ ಬಂದಿದ್ದೇನೆ, ಕ್ಷಮಿಸಬೇಕು.

ಮೊದಲಿಗೆ ಅಭಿನಂದನೆ. ಕಳೆದ ತಿಂಗಳು ತಾವು ನಿಂತ ಮರದ ಹಿಂದೆಯೇ, ಕೊನೆಯುಸಿರು ತಮ್ಮ ಬೆನ್ನಿಗೆ ತಾಗುವಷ್ಟು ಹತ್ತಿರದಲ್ಲಿ, ಒಂದು ಸಲಗ ಸತ್ತು ಬಿತ್ತು. ವಯಸ್ಸಾಗಿತ್ತು, ಹೃದಯ ನಿಂತಿತು ಎಂದು ವರದಿಯಾಯಿತು. ಯಜಮಾನ ಹೋದ ದುಃಖಕ್ಕೆ ಎರಡೂ ದಂತಗಳು ಗರಗಸದ ಗುರುತನ್ನಷ್ಟೇ ಬಿಟ್ಟು ತಾವಾಗಿಯೇ ಎದ್ದು ಹೋದವೆಂದು ಕಾಣುತ್ತದೆ. ಆ ವಾರವೆಲ್ಲ ತಾವು ಎದುರಿನ ಕಾಲುದಾರಿಯನ್ನೇ ನೋಡುತ್ತ, ಬಿಡದೆ ನನ್ನ ಫೋಟೋ ತೆಗೆದಿರಿ. ಅರಣ್ಯ ಇಲಾಖೆಯ ಜೀಪು ಬರುವುದು ಅಲ್ಲಿಯವರೆಗೆ ಮಾತ್ರ. ಆದ್ದರಿಂದ ತಮ್ಮನ್ನು ಕಟ್ಟಿದ್ದೂ ಅಲ್ಲೇ, ಮುಖ ಮಾಡಿಸಿದ್ದೂ ಆ ಕಡೆಗೇ. ಆನೆಗಳು ಹಿಂದಿನ ದಾರಿಯಲ್ಲಿ ನಡೆಯುವುದು ಅವುಗಳ ಅಶಿಸ್ತು.

ಆ ಫೋಟೋಗಳನ್ನು ಮೇಜಿನ ಮೇಲೆ ಹರಡಿ ಅರಣ್ಯಾಧಿಕಾರಿಗಳು ನನ್ನನ್ನು ಕರೆಸಿದರು. ನೋಟಿಸಿನಲ್ಲಿ 'ಅನುಮಾನಾಸ್ಪದ ವ್ಯಕ್ತಿ' ಎಂದಿತ್ತು. ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗಿದೆ. ಸಂಸಾರ ಮಾಡಿದಷ್ಟು ಕಾಲವೂ ನನ್ನ ಹೆಂಡತಿಗೆ ನನ್ನ ಮೇಲೆ ಒಂದೇ ಒಂದು ಅನುಮಾನ ಬಂದಿರಲಿಲ್ಲ. ಅದಕ್ಕೂ ಒಂದು ಯೋಗ್ಯತೆ ಬೇಕು ಎನ್ನುತ್ತಿದ್ದಳು. ಆದರೆ ಫೋಟೋಗಳು, ವೃತ್ತಿಬಾಂಧವನಾಗಿ ಹೇಳುತ್ತಿದ್ದೇನೆ, ಶೋಚನೀಯ. ಒಂದರಲ್ಲಿ ತಲೆಯಿಲ್ಲ, ಇನ್ನೊಂದರಲ್ಲಿ ಹೊಟ್ಟೆ ಬಿಟ್ಟರೆ ಬೇರೇನಿಲ್ಲ. 'ಗಲ್ಲ ಸ್ವಲ್ಪ ಮೇಲೆ, ರೆಡಿ' ಎನ್ನುವ ಸೌಜನ್ಯವೂ ತಮಗಿಲ್ಲ. ಮುಖ ಬಂದ ಕಡೆಯಲ್ಲೆಲ್ಲ ಬಾಯಿ ತೆರೆದಿದೆ.

"ಯಾರ ಜೊತೆ ಮಾತಾಡ್ತಿದ್ರಿ? ಇನ್ನೊಬ್ಬ ಎಲ್ಲಿ?" ಎಂದರು ಅಧಿಕಾರಿಗಳು. ಹೆಂಡತಿಯ ಜೊತೆ ಎಂದೆ. "ಸರಿ, ಅವರನ್ನೂ ಕರೀರಿ" ಎಂದರು. ಅವಳು ತೀರಿಕೊಂಡಿದ್ದಾಳೆ ಎಂದಾಗ 'ಜೊತೆಗಿದ್ದವರು ಪತ್ತೆಯಾಗಿಲ್ಲ' ಎಂದು ಬರೆದುಕೊಂಡರು. ಇಡೀ ವರದಿಯಲ್ಲಿ ನಿಜವಾದ ಸಾಲು ಅದೊಂದೇ.

ಈಗ ಅಹವಾಲಿಗೆ ಬರುತ್ತೇನೆ. ಉಳಿದಿರುವ ಒಂಟಿ ದಂತದ ಆನೆಯೊಂದು ಆ ಹಿಂದಿನ ದಾರಿಯಲ್ಲೇ ದಿನಾ ಕೆರೆಗೆ ಇಳಿಯುತ್ತದೆ. ಕೈ ಹಿಂದೆ ಕಟ್ಟಿಕೊಂಡವರ ಗತ್ತಿನಲ್ಲಿ ನಡೆಯುವ ಅದನ್ನು ಕಂಡಾಗಲೆಲ್ಲ ನನ್ನವಳು, "ಏನ್ರೀ, ಮಾವ ಬಂದ್ರು, ನೆಟ್ಟಗೆ ನಿಂತ್ಕೊಳ್ಳಿ" ಎನ್ನುತ್ತಿದ್ದಳು. ಅಷ್ಟು ಮರ್ಯಾದೆಯನ್ನು ಅವಳು ನನ್ನ ತಂದೆಗೆ ಎಂದೂ ಕೊಟ್ಟಿರಲಿಲ್ಲ. ಯಾರೋ ಸಂಜೆ ಆ ದಾರಿಗೆ ಅಡ್ಡಲಾಗಿ ವಿದ್ಯುತ್ ಕಂಬದಿಂದ ತಂತಿ ಎಳೆದು ಕಟ್ಟುತ್ತಾರೆ, ಬೆಳಗಾಗುವಷ್ಟರಲ್ಲಿ ಸುತ್ತಿಕೊಂಡು ಹೋಗುತ್ತಾರೆ. ಜೀಪು ಬರುವುದು ತಿಂಡಿ ಆದ ಮೇಲೆ. ಅರ್ಜಿ ಕೊಟ್ಟೆ, ಫೋಟೋ ಕೇಳಿದರು. ಫೋನಿನಲ್ಲಿ ತೆಗೆದುಕೊಟ್ಟೆ, "ಸ್ಟುಡಿಯೋದವರು ನೀವು, ತಿದ್ದಿಲ್ಲ ಅಂತ ಏನು ಗ್ಯಾರಂಟಿ? ನಮ್ಮ ಕ್ಯಾಮೆರಾದಲ್ಲಿ ಬರಲಿ, ನೋಡೋಣ" ಎಂದರು. ಅವರ ಅನುಮಾನವೂ ನ್ಯಾಯವೇ. ಬೋಳುತಲೆಯ ಗಂಡುಗಳಿಗೆ ಫೋಟೋದಲ್ಲಿ ಕೂದಲು ಬರೆದು ಸಂಬಂಧ ಕುದುರಿಸಿದ ಕೈ ಇದು, ಅಧಿಕಾರಿಗಳ ಫೋಟೋವೂ ಆಗ ನಮ್ಮಲ್ಲೇ ಆದದ್ದು.

ಆದ್ದರಿಂದ ತಾವು ಕುತ್ತಿಗೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಬೇಕೆಂದು ನನ್ನ ಹಂಬಲ್ ರಿಕ್ವೆಸ್ಟ್. ತಮಗೆ ಕುತ್ತಿಗೆ ಮಂಜೂರಾಗಿಲ್ಲವೆಂದು ಬಲ್ಲೆ. ನಾನೇ ಬೆಲ್ಟು ಬಿಚ್ಚಿ ತಿರುಗಿಸಿದರೆ ಸರ್ಕಾರಿ ಸ್ವತ್ತಿಗೆ ಕೈ ಹಾಕಿದಂತಾಗಿ, ಅನುಮಾನಾಸ್ಪದ ವ್ಯಕ್ತಿಯಿಂದ ಆರೋಪಿಗೆ ಬಡ್ತಿ ಸಿಗುತ್ತದೆ. ಹಾಗಾಗಿ ಈ ವಾರದಿಂದ ಸ್ಟುಡಿಯೋದ ಕನ್ನಡಿಯನ್ನು ಹೊತ್ತು ತರುತ್ತಿದ್ದೇನೆ. ಗಿರಾಕಿಗಳು ತಲೆ ಬಾಚಿಕೊಳ್ಳುತ್ತಿದ್ದ, ನನ್ನವಳು ಪ್ರತಿ ಬೆಳಿಗ್ಗೆ ಹಳೇ ಪತ್ರಿಕೆಯಿಂದ ಒರೆಸುತ್ತಿದ್ದ ಕನ್ನಡಿ. ಬೆಳಕಿರುವಾಗಲೇ ಅದನ್ನು ಎದೆಗೆ ಒರಗಿಸಿ, ಓರೆಯಾಗಿ ತಮ್ಮ ಮುಂದೆ ಹಿಡಿದು ನಿಲ್ಲುತ್ತೇನೆ. ಅದರಲ್ಲಿ ಕಾಣುವುದು ತಮ್ಮ ಹಿಂದಿನ ದಾರಿ, ಕಂಬ, ತಂತಿ. ಇಂಥ ಸಾಕ್ಷ್ಯಕ್ಕೆ ಸರ್ಕಮ್‌ಸ್ಟ್ಯಾನ್ಷಿಯಲ್ ಎಂದೇನೋ ಪದವಿತ್ತು, ಅಲ್ಲದಿದ್ದರೂ ಇರಲಿ. ಚಿತ್ರ ಅಲುಗಿದ್ದರೆ ಅದು ವಯಸ್ಸಿನಿಂದ ಎಂದು ಬರೆದುಕೊಳ್ಳಲಿ, ಅವರಿಗೆ ಅಭ್ಯಾಸವಿದೆ. ನನಗೆ ಭಯವೂ ಇದೆ.

ತಮ್ಮ ಹೊಟ್ಟೆಯಲ್ಲಿರುವ ಚಿತ್ರಗಳನ್ನು ತಿಂಗಳಿಗೊಮ್ಮೆ ನೋಡುತ್ತಾರಂತೆ. ಮಾವ ದಿನಾ ಬರುತ್ತಾರೆ. ಅಲ್ಲಿಯವರೆಗೆ, ಕನ್ನಡಿಯ ಕೆಲಸ ಮುಗಿದ ಮೇಲೆ, ತಗಡಿನ ಡಬ್ಬ ಬಡಿದು ಅವರನ್ನು ಕೆರೆಯ ಆಚೆ ದಡಕ್ಕೆ ಅಟ್ಟುತ್ತಿದ್ದೇನೆ. ತಂದೆಯನ್ನು ಡಬ್ಬ ಬಡಿದು ಓಡಿಸುವ ಮಗನನ್ನು ಕಂಡು ನನ್ನವಳು ಎಷ್ಟು ನಗುತ್ತಿದ್ದಾಳೋ. ಆ ಫೋಟೋಗಳಲ್ಲಿ ನನ್ನ ಬಾಯಿ ತೆರೆದಿರುವುದು ಅವಳಿಗೆ ಉತ್ತರ ಹೇಳುವುದಕ್ಕೆ.

ಇಂತಿ, ತಮ್ಮ ಮುಂದೆ ತಪ್ಪದೆ ಹಾಜರಾಗುವ,
ತಮ್ಮ ವಿಶ್ವಾಸಿ,
ಅನುಮಾನಾಸ್ಪದ ವ್ಯಕ್ತಿ

ಸಹಿ ಹಾಕಿದ ಮೇಲೆ ನೆನಪಾದದ್ದು: ಕನ್ನಡಿಯಲ್ಲಿ ಎಡ ಬಲ ಅದಲುಬದಲಾಗುತ್ತದೆ. ಇದನ್ನು ಅಧಿಕಾರಿಗಳಿಗೆ ದಯವಿಟ್ಟು ವಿವರಿಸಬೇಡಿ. ಆನೆ ಆ ಕಡೆ ಸತ್ತರೆ ಈ ಕಡೆಯವನನ್ನು ಕರೆಸಿದವರು ಅವರು; ಈ ಉಲ್ಟಾ ಚಿತ್ರ ನೋಡಿ ಎಂದಿನಂತೆ ತಪ್ಪು ದಿಕ್ಕಿಗೆ ಹೊರಟರೆ, ಎರಡು ತಪ್ಪು ಸೇರಿ ಈ ಸಲ ನೇರವಾಗಿ ತಂತಿಯ ಹತ್ತಿರವೇ ಹೋಗಿ ನಿಲ್ಲುತ್ತಾರೆ.