ಗೌಡರ ಸೈಕಲ್ಲಿಗೆ ಕಬ್ಬಿಣದ ಪಟ್ಟಿ

ಇದನ್ನು ನನಗೆ ಮೊದಲು ಹೇಳಿದವನು ಗೋಕಾಕದಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ನನ್ನ ಸೋದರಮಾವ. ವಿಭೂತಿ ಹಚ್ಚಿಕೊಂಡು ಕೂತ ಮೇಲೆ ಸುಳ್ಳಾಡುವ ಮನುಷ್ಯನಲ್ಲ. ದೊಡ್ಡವರು ಸೈಕಲ್ ಹತ್ತಿದಾಗಲೆಲ್ಲ ನಮ್ಮ ಕಡೆ ಇಂಥದ್ದೊಂದು ಆಗಿಯೇ ತೀರುತ್ತದೆ. ಕಡೆಯ ಭಾಗ ಮಾತ್ರ ನಾನೇ ಕಂಡದ್ದು.

೧. ಮರ್ಯಾದೆಯ ತೂಕ

ಯುದ್ಧದ ಕಾಲ; ಟಾಯರು ಸಿಗುತ್ತಿರಲಿಲ್ಲ. ಹುಕ್ಕೇರಿ ಕಡೆಯ ಗೌಡರೊಬ್ಬರು ಮಾಮಲೇದಾರರ ಕಚೇರಿಯ ಹಾಜರಿಯನ್ನು ಎರಡು ಸಲ ತಪ್ಪಿಸಿದ್ದರು. ಬರುವ ಸೋಮವಾರವೂ ತಪ್ಪಿದರೆ ಊರ ಗೌಡಕಿ ತಮ್ಮನಿಗೆ ಎಂದು ಹುಕುಂ ಬಂತು. ಕಚೇರಿಗೆ ಚಕ್ಕಡಿಯಲ್ಲಿ ಹೋದರೆ ಮರ್ಯಾದೆ ಹೋಗುತ್ತದೆಂದು ಗೌಡರು ಸೈಕಲ್ಲನ್ನು ಚಕ್ಕಡಿಯಲ್ಲಿ ಹೇರಿಕೊಂಡು ಮಾವನ ಅಂಗಡಿಗೆ ಬಂದರು.

"ರಬ್ಬರ ಇಲ್ಲಂದ್ರ ಚಕ್ಕಡಿಗಾಲಿಗೆ ಹಾಕಿದಂಗ ಕಬ್ಬಿಣದ ಪಟ್ಟಿ ಹಾಕೋ."

"ಗಾಲಿ ಹಗರ ಇರಬೇಕ್ರಿ ಗೌಡ್ರ. ನಿಮ್ಮ ಹೊಟ್ಟಿ ಬರೇ ಮುಂದ ಹೋದ್ರ ಆತು. ಗಾಲಿ ಮುಂದೂ ಹೋಗಬೇಕು, ತಿರಗಲೂಬೇಕು. ಅದಕ್ಕ ಎರಡು ದುಡಿಮಿ."

"ಗೌಡನ ಗಾಲಿ ಹಗರ ಅಂದ್ರ ಊರಾಗ ಮರ್ಯಾದಿ ಉಳಿತೈತೇನೋ?"

ಮರ್ಯಾದೆ ತೂಗುವ ತಕ್ಕಡಿ ಮಾವನ ಅಂಗಡಿಯಲ್ಲಿ ಇರಲಿಲ್ಲ.

೨. ಮೂಡಲಗಿಯ ಕಂಬಾರ

ಮಾವ ಒಲ್ಲೆನೆಂದದ್ದಕ್ಕೆ ಗೌಡರು ಮೂಡಲಗಿಯ ಕಂಬಾರನ ಹತ್ತಿರ ಹೋದರು. ಅವನು ಹೇಳಿದಷ್ಟು ಮಾಡುವವನು. ಪಟ್ಟಿ ಕಾಸಿ, ಬಡಿದು ಕೂಡಿಸಿದ. ಗೌಡರು ಹತ್ತಿ ತುಳಿದರು, ಸೈಕಲ್ಲು ಮಿಸುಕಲಿಲ್ಲ. ಜೊತೆಗೆ ಬಂದಿದ್ದ ಊರ ಚಾಕರಿಯ ವಾಲೀಕಾರರಿಬ್ಬರು ಹಿಂದಿನಿಂದ ದೂಡಿದರು. ನಾಲ್ಕು ಮಾರು ಹೋಗುವಷ್ಟರಲ್ಲಿ ಒಬ್ಬ ಏದುತ್ತ ಕೈಮುಗಿದ:

"ಎಪ್ಪಾ, ನೀವು ನಡೀರಿ. ಇದನ್ನ ನಾವು ಹೊತ್ಕೊಂಡು ಬರ್ತೇವಿ. ಎಲ್ಲಾರೂ ಲಗೂನ ಮುಟ್ತೇವಿ."

೩. ಹಾಜರಿ

ಸೋಮವಾರ ಹೊಲದ ಉತಾರದ ಕಾಗದಕ್ಕಾಗಿ ಹೋಗಿದ್ದ ನಾನು ಹುಕ್ಕೇರಿಯ ಕಚೇರಿ ಕಟ್ಟೆಯ ಮೇಲೆ ಕೂತಿದ್ದೆ. ಅಂಗಳದಲ್ಲಿ ಹಾಜರಿ ನಡೆದಿತ್ತು. ಗೌಡರ ತಮ್ಮ ಹೊಸ ರುಮಾಲು ಸುತ್ತಿ ಮುಂದೆಯೇ ನಿಂತಿದ್ದ. ಗೌಡರ ಹೆಸರು ಒಂದು ಸಲ ಕೂಗಿದರು. ಎರಡು ಸಲ ಕೂಗಿದರು. ತಮ್ಮನು ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಇಳಿಜಾರಿನ ಮೇಲಿಂದ ಗಡಗಡ ಸಪ್ಪಳ. ದಿಬ್ಬದ ತನಕ ದೂಡಿದ ವಾಲೀಕಾರರು ಕೈಬಿಟ್ಟಿದ್ದರು. ಹೊರಡಲು ಒಲ್ಲೆನೆಂದಿದ್ದ ಗಾಲಿ ಈಗ ನಿಲ್ಲಲೂ ಒಲ್ಲದು. ಬ್ರೇಕು ದಾರಿಯಲ್ಲೇ ಕಿತ್ತು ಬಿದ್ದಿತ್ತು. ಗೌಡರು ಮೂಡಣ ಬಾಗಿಲಿನಿಂದ ಒಳಗೆ ಬಂದು, "ಹಾಜರ ಅದೀನ್ರಿ ಸಾಹೇಬ್ರ!" ಎಂದು ಕೂಗಿ, ಪಡುವಣ ಬಾಗಿಲಿನಿಂದ ಹೊರಗೆ ಹೋಗಿಬಿಟ್ಟರು.

"ಸಾಹೇಬ್ರ, ಅಂವಾ ನಿಂತೇ ಇಲ್ರಿ!" ಎಂದು ತಮ್ಮನು ತಕರಾರು ತೆಗೆದ.

ಮಾಮಲೇದಾರರು ಹುಕುಮಿನ ಕಾಗದ ತೆಗೆದು ಎರಡು ಸಲ ಓದಿದರು. "ಬರಬೇಕು ಅಂತ ಐತಿ. ನಿಲ್ಲಬೇಕು ಅಂತ ಎಲ್ಲೈತಿ?" ಎಂದು ರುಜು ಹಾಕಿದರು.

ಗೌಡಕಿ ಉಳಿಯಿತು. ಗೌಡರನ್ನು ಮಾತ್ರ ಸಂಕೇಶ್ವರದ ದಾರಿಯ ಕಬ್ಬಿನೊಳಗಿಂದ ಹುಡುಕಿ ತರಬೇಕಾಯಿತು.

ಕೇಳಿದವರು ನಾಲ್ಕು ಮಂದಿಗೆ ಹೇಳಿರಿ. ಶಿವನಾಣೆ, ಮೇಲೆ ಮತ್ತೆ ಪಟ್ಟಿ ಮಾತ್ರ ಬಡಿಯಬೇಡಿರಿ; ಕತೆ ಹಗುರಿದ್ದರೇ ದೂರ ಹೋಗುತ್ತದೆ.