ಗುಣ ಹೆಚ್ಚಿಸಲು ಹೋದದ್ದು

ಪುಣೆಯಲ್ಲಿ ಹುಟ್ಟಿ ಬೆಳೆದವರ ಮರಾಠಿಯನ್ನೇ ತಿದ್ದುವ ಕನ್ನಡಿಗ ಯಾರಾದರೂ ಇದ್ದರೆ ಅದು ನಾನೇ! ನಿಗಡಿ ಬಡಾವಣೆಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ‘ಇಂದು ಲಿಫ್ಟ್ ಕೆಳಗೆ ಮಾತ್ರ ಹೋಗುತ್ತದೆ’ ಎಂದು ಅಚ್ಚ ಮರಾಠಿಯಲ್ಲಿ ಚೀಟಿ ಬರೆದು ಅಂಟಿಸಿ, ಚೇರ್ಮನ್ನರನ್ನು ಐದನೆಯ ಮಹಡಿಯವರೆಗೆ ಮೆಟ್ಟಿಲು ಹತ್ತಿಸಿದ ಕೀರ್ತಿ ನನ್ನದು. ವ್ಯಾಕರಣದಲ್ಲಿ ಒಂದೇ ಒಂದು ತಪ್ಪು ಸಿಕ್ಕಿದ್ದರೂ ಅವರಿಗೆ ಅನುಮಾನ ಬರುತ್ತಿತ್ತು. ಸಿಗಲಿಲ್ಲ!

ಇಂಥ ವಿದ್ವಾಂಸ ಮನೆಯಲ್ಲೇ ಇರುವಾಗ ಬೇರೆಯವರೇಕೆ ಎಂದು, ನನ್ನ ಹೆಂಡತಿ ಸುಮಿತ್ರಾ ಆಸ್ಪತ್ರೆಯ ಫೋನುಗಳನ್ನೆಲ್ಲ ನನಗೇ ಒಪ್ಪಿಸಿದ್ದಳು. ಅವಳ ಸ್ತನದಲ್ಲಿದ್ದ ಕ್ಯಾನ್ಸರ್ ಗಂಟನ್ನು ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ತೆಗೆದಾಗಿತ್ತು. ಅದರ ಚೂರೊಂದು ಜೀನ್ ಪರೀಕ್ಷೆಗೆ ಹೋಗಿತ್ತು. ಗಂಟಿನೊಳಗೆ ಮಾರ್ಕರ್ ಜೀನ್ ಎಂಬ ಕೆಲವು ಜೀನ್‌ಗಳಿರುತ್ತವಂತೆ. ಅವು ಎಷ್ಟು ಚುರುಕಾಗಿವೆ ಎಂದು ಅಳೆದು, ಕಿಮೋ ಬೇಕೋ ಬರೀ ಮಾತ್ರೆ ಸಾಕೋ ಎಂದು ತೀರ್ಮಾನಿಸುತ್ತಾರಂತೆ. ಡಾಕ್ಟರಮ್ಮ ಇನ್ನೂ ಏನೇನೋ ವಿವರಿಸಿದರು. ನಾನು ಕೇಳಿಸಿಕೊಳ್ಳಲಿಲ್ಲ. “ಜೀನ್ ಅಂದರೆ ಪ್ಯಾಂಟಿನದೋ, ಕುದುರೆ ಬೆನ್ನಿನದೋ?” ಎಂಬ ನನ್ನದೇ ಜೋಕಿಗೆ ಆಗ ನಗುತ್ತಿದ್ದೆ.

ಸುಮಿತ್ರಾ ನಗಲಿಲ್ಲ. ಕಿಮೋ ಎಂದರೆ ಅವಳಿಗೆ ಕೈಕಾಲು ತಣ್ಣಗಾಗುತ್ತಿತ್ತು. “ಕೂದಲಾ ಹೋದ್ರ ಹೋಗ್ಲಿ ಬಿಡ್ರಿ. ಬಾಯಿ ರುಚಿನೂ ಹೋಗ್ತದಂತ! ಉಪ್ಪು ಖಾರ ಗೊತ್ತಾಗಲಿಲ್ಲಂದ್ರ ನಾ ಹೆಂಗ ಅಡಿಗಿ ಮಾಡ್ಲಿ?” ಎನ್ನುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ಫೋನ್ ಬಂತು! ಆಸ್ಪತ್ರೆಯ ಹುಡುಗಿ. “ಕಾಕಾ, ಸ್ಕೋರ್...” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದಳು. ನಾನು ಬಿಡುತ್ತೇನೆಯೇ? “ಇಂಗ್ಲಿಷ್ ನಕೋ! ಶುದ್ಧ ಮರಾಠೀತ್ ಸಾಂಗಾ!” ಇಂಗ್ಲಿಷ್ ಬೇಡ, ಶುದ್ಧ ಮರಾಠಿಯಲ್ಲಿ ಹೇಳು ಎಂದು ಗದರಿದೆ. ಪಾಪ, ತಡವರಿಸಿ ಹೇಳಿದಳು: “ಕಾಕೂಂಚೇ ಗುಣ ಖೂಪ್ ಕಮೀ ಆಲೇತ್. ಉದ್ಯಾ ಡಾಕ್ಟರಾಂನಾ ಭೇಟಾ.” ನಾಳೆ ಡಾಕ್ಟರನ್ನು ಕಾಣಬೇಕು. ಏಕೆಂದರೆ ಕಾಕುವಿನ, ಅಂದರೆ ಸುಮಿತ್ರಾಳ ಗುಣ ತೀರಾ ಕಮ್ಮಿ!

ಗುಣವಾಗುವ ಭರವಸೆ ಬಹಳ ಕಮ್ಮಿ! ಹಿಂದೆ ಕುರ್ಚಿ ಇತ್ತು, ಬಚಾವಾದೆ.

ಸುಮಿತ್ರಾಗೆ ತಿಳಿಯಕೂಡದು, ಏನೂ ಆಗದವನಂತೆ ಇರಬೇಕು ಎಂದು ನಿರ್ಧರಿಸಿದೆ. ಅದರಂತೆ ಚಹಾ ಮಾಡಿದೆ. ಬೆಂಡೆಕಾಯಿ ಹೆಚ್ಚಿದೆ. ಅವಳ ತಂಗಿಯನ್ನು ಹೊಗಳಿದೆ.

“ಏನ್ ಕಿತಾಪತಿ ಮಾಡಿ ಬಂದೀರಿ?”

“ಏನಿಲ್ಲ. ನಿನ್ನ ತಂಗಿ ಭಾಳ ಶಾಣ್ಯಾಕಿ ಅಂದೆ, ಅಷ್ಟ.”

“ಅಯ್ಯ! ಜ್ವರ ಬಂದಾವೇನ್ರಿ?” ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ತಡೆಯಲಾಗಲಿಲ್ಲ. ಎದುರು ಮನೆಯ, ನಮ್ಮ ಕಡೆಯವರೇ ಆದ ಪಾಟೀಲರ ಬಾಗಿಲು ತಟ್ಟಿ ಅತ್ತೇಬಿಟ್ಟೆ. “ಪಾಟೀಲರ, ನಮ್ಮಾಕಿಗೆ ಗುಣ ಆಗೂದು ಕಷ್ಟ ಅದಂತ್ರಿ!”

ಪಾಟೀಲರು ನನ್ನ ಬೆನ್ನ ಹಿಂದೆ ಇಣುಕಿದರು. ಮೆಟ್ಟಿಲ ಕಡೆ ಇಣುಕಿದರು. “ಯಾರನ್ನ ಅಡಗಿಸಿಟ್ಟೀರಿ? ಇಂಥಾದ್ರಾಗೂ ಚೇಷ್ಟಾ ಮಾಡ್ತಾರೇನ್ರಿ ದೇಸಾಯರ?” ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ ಇನ್ನೂ ಒಂದು ಮಾತು ಬಂತು: “ಅಳೂದು ಮಾತ್ರ ಅಗದಿ ಖರೇ ಅನಸ್ತದ ನೋಡ್ರಿ!”

ಮರುದಿನ ಆಸ್ಪತ್ರೆ. ಸುಮಿತ್ರಾ ಕೂರುವ ಮೊದಲೇ ನಾನು ನುಗ್ಗಿ ಡಾಕ್ಟರಮ್ಮನಿಗೆ ಕೈಮುಗಿದೆ. “ಡಾಕ್ಟರ್, ಕಾಹೀಹೀ ಕರಾ, ಪಣ್ ಗುಣ ವಾಢವಾ!” ಏನಾದರೂ ಮಾಡಿ, ಗುಣ ಹೆಚ್ಚಿಸಿ!

ಡಾಕ್ಟರಮ್ಮ ಕನ್ನಡಕ ತೆಗೆದರು. “ಗುಣ ವಾಢಲೇ ತರ್ ಕಿಮೋ ದ್ಯಾವೀ ಲಾಗೇಲ್, ಕಾಕಾ!” ಗುಣ ಹೆಚ್ಚಾದರೆ ಕಿಮೋ ಕೊಡಬೇಕಾಗುತ್ತದೆ.

“ದ್ಯಾ! ಡಬಲ್ ದ್ಯಾ!”

ಹಿಂದಿನಿಂದ ಸುಮಿತ್ರಾ ಚೀರಿದಳು. “ಅಯ್ಯ ಇವರ! ಡಬಲ್ ಕಿಮೋ? ಯಾವ ಜನ್ಮದ ಸೇಡು ತೀರಸ್ಲಿಕತ್ತೀರಿ?”

ಡಾಕ್ಟರಮ್ಮ ನನ್ನನ್ನು ಕೂರಿಸಿ, ನೀರು ಕುಡಿಸಿ, ನಿಧಾನವಾಗಿ ತಿಳಿಸಿದರು. ಮರಾಠಿಯಲ್ಲಿ ಗುಣ ಎಂದರೆ ಅಂಕ. ಶಾಲೆಯ ಮಕ್ಕಳಿಗೆ ಬೀಳುತ್ತದಲ್ಲ, ಅದು! ಇದು ಗಂಟಿನ ಜೀನ್‌ಗಳಿಗೆ ಬಿದ್ದ ಅಂಕ. ಅವು ಚುರುಕಾಗಿದ್ದು ಅಂಕ ಹೆಚ್ಚಿದ್ದರೆ ರೋಗ ಮರಳುವ ಭಯವೂ ಹೆಚ್ಚು. ನಮ್ಮದು ಶುದ್ಧ ಸೋಮಾರಿ ಗಂಟು. ನಪಾಸು! ಕಿಮೋ ಬೇಡ! ದಿನಾ ಮಾತ್ರೆ ನುಂಗಿದರೆ ಸಾಕು!

ನಾನು ಎದ್ದು ಕುಣಿದೇಬಿಟ್ಟೆ! ಸುಮಿತ್ರಾ ಹೊಲಿಗೆ ಹಾಕಿದ ಕಡೆ ಕೈಯೊತ್ತಿ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಂತೂ ನನ್ನ ಗಂಟಿಗೂ ನಿಮಗೂ ಗುಣ ಕಮೀನ ಬಂದಾವ ಬಿಡ್ರಿ!”

ಡಾಕ್ಟರಮ್ಮನೂ ನಗುತ್ತಾ, ಪುಣೆಗೆ ಬಂದು ಎಷ್ಟು ವರ್ಷವಾಯಿತು ಎಂದು ಮರಾಠಿಯಲ್ಲಿ ಕೇಳಿದರು.

ನಿನ್ನೆ ಬಂದೆ ಎಂದೆ. ಇಂಗ್ಲಿಷಿನಲ್ಲಿ.