ಒಂದನೇ ಚಕ್ರ ಯಾವುದು?

ಕಾರಿನ ಆಕ್ಸೆಲ್ ಬದಲಿಸಲು ಮೆಕ್ಯಾನಿಕ್ ಯಾಕೆ? ಬುಂಗೋಮಾ ಊರಿನ ಕಾಲೇಜಿನಲ್ಲಿ ಗಣಿತ ಕಲಿಸುವ ನಾನೇ ಇರುವಾಗ! ಶನಿವಾರ ಬೆಳಿಗ್ಗೆ ಹರಕು ಚಡ್ಡಿ ತೊಟ್ಟು ದಂಡಯಾತ್ರೆಗೆ ಹೊರಟವನಂತೆ ಅಂಗಳಕ್ಕಿಳಿದೆ. ಒಳಗೆ ಲ್ಯಾಪ್‌ಟಾಪಿನಲ್ಲಿ ಎರಡು ಗಣಿತದ ಸಾಫ್ಟ್‌ವೇರ್‌ಗಳನ್ನು ಓಟಕ್ಕೆ ಬಿಟ್ಟಿದ್ದೆ. ಎರಡಕ್ಕೂ ಒಂದೇ ರಾಕ್ಷಸ ಲೆಕ್ಕ; ಹಳೆಯದು ಗೆಲ್ಲುತ್ತದೋ, ಹೊಸದೋ? ಅವೆರಡಕ್ಕಿಂತ ಮೊದಲು ನನ್ನ ಆಕ್ಸೆಲ್ ಕೆಲಸ ಮುಗಿಯಬೇಕೆಂಬುದು ನನ್ನ ಪಣ!

"ಬಾಬಾ ನಮಾಲ್ವಾ," ಎಂದಳು ಹೆಂಡತಿ ನಲಿಯಾಕಾ. ನಮ್ಮ ಮಗಳು ನಮಾಲ್ವಾಳ ಅಪ್ಪ ಎಂದರೆ ನಾನೇ. "ಮಧ್ಯಾಹ್ನ ನಮ್ಮಮ್ಮ ಬರ್ತಾಳೆ. ಬಸ್ ಸ್ಟ್ಯಾಂಡಿಗೆ ನಾನು ಕಾರು ತಗೊಂಡು ಹೋಗ್ದಿದ್ರೆ ಮಾನ ಹರಾಜು!"

"ಅಷ್ಟರಲ್ಲಿ ಕಾರು ಕುದುರೆ ಥರ ಓಡುತ್ತೆ! ಮುಂದಿನ ಒಂದನೇ ಚಕ್ರ ಬಿಚ್ಚಿಡು, ನಾನು ಸಾಮಾನು ತರ್ತೀನಿ."

ಬಿಚ್ಚಿಟ್ಟಳು. ನಾನು ನುಗ್ಗಿದೆ, ಗುದ್ದಿದೆ, ಎಳೆದೆ. ಹೊರಬಂದ ಆಕ್ಸೆಲ್ ನೋಡಿದರೆ ಮದುಮಗನ ಹಾಗೆ ಫಳಫಳ!

"ಇದು ಚೆನ್ನಾಗೇ ಇದೆಯಲ್ಲೇ! ಕೆಟ್ಟಿರೋದು ಬಲಗಡೇದು!"

"ಒಂದನೇದು ಅಂದ್ರಿ. ಎಡಗಡೆಯಿಂದ ಎಣಿಸಿದೆ: ಒಂದು!"

"ಎಡಗಡೇದು ಸೊನ್ನೆ ಕಣೇ! ಹೊಸ ಸಾಫ್ಟ್‌ವೇರ್‌ನಲ್ಲಿ ಎಣಿಕೆ ಶುರುವಾಗೋದೇ ಸೊನ್ನೆಯಿಂದ!"

"ಹಾಗಾದ್ರೆ ನಾನು ನಿಮಗೆ ಎಷ್ಟನೇ ಹೆಂಡ್ತಿ? ಸೊನ್ನೇನಾ?"

ನಾನು ಮತ್ತೆ ಕಾರಿನಡಿ ತೂರಿದೆ. ಹೊರಬಂದದ್ದು ಒಳಹೋಗಲೊಲ್ಲದು! ಗೇರ್ ಎಣ್ಣೆ ತಲೆಗೆ ಅಭಿಷೇಕ ಮಾಡಿತು. ಕಿಟಕಿಯಿಂದ ನಲಿಯಾಕಾ ಕೂಗಿದಳು: "ನಿಮ್ಮ ಹೊಸ ಸಾಫ್ಟ್‌ವೇರು ಕೆಂಪಕ್ಷರ ಕಾರ್ಕೊಂಡು ನಿಂತಿದೆ! ಹಳೇದು ತೆವಳ್ತಾನೇ ಇದೆ!"

ಅಷ್ಟರಲ್ಲಿ ಗೇಟಿನ ಬಳಿ ಬಾಡಿಗೆ ಬೈಕು ಗುಡುಗಿತು. ಬಸ್ ಸ್ಟ್ಯಾಂಡಿನಲ್ಲಿ ಕಾದು ಬೇಸತ್ತ ಅತ್ತೆ ತಾವೇ ಬಂದಿಳಿದಿದ್ದರು!

"ಹೊರಗೆ ಬರ್ಬೇಡಿ!" ನಲಿಯಾಕಾ ಬಗ್ಗಿ ಪಿಸುಗುಟ್ಟಿದಳು. ನಮ್ಮಲ್ಲಿ ಅಳಿಯ ಅತ್ತೆಯ ಕೈ ಕುಲುಕುವುದೇ ಅಪರಾಧ, ಹತ್ತಿರ ಕೂರುವುದು ಮಹಾಪರಾಧ. ಇನ್ನು ಎಣ್ಣೆ ಮೆತ್ತಿದ ಹರಕು ಚಡ್ಡಿಯಲ್ಲಿ ದರ್ಶನ ಕೊಟ್ಟರೆ ಏಳು ತಲೆಮಾರಿಗೆ ಸಾಕಾಗುವಷ್ಟು ನಾಚಿಕೆ! ಉಸಿರು ಬಿಗಿಹಿಡಿದು ಮಲಗಿದೆ. ಕಾಲು ಮಾತ್ರ ಹೊರಗಿತ್ತು.

"ಯಾರೇ ಇದು?" ಅತ್ತೆಯ ದನಿ.

"ಮೆಕ್ಯಾನಿಕ್ಕು, ಅಮ್ಮಾ. ನೀನು ಒಳಗೆ ಬಾ."

"ಇಲ್ಲೇ ನೆರಳಿದೆ, ಇಲ್ಲೇ ಕೂರ್ತೀನಿ."

ಕೂತರು. ನನಗೆಂದು ಬೇಯಿಸಿದ ಕೋಳಿ ನನ್ನ ಮೂಗಿನ ಮುಂದೆಯೇ ಹಾದು ಅತ್ತೆಯ ತಟ್ಟೆ ಸೇರಿತು. ಸೊಂಟ ಹಿಡಿಯಿತು, ಇರುವೆ ಕಚ್ಚಿತು, ಸೀನು ಬಂತು, ಎಲ್ಲವನ್ನೂ ನುಂಗಿಕೊಂಡೆ. ಕೊನೆಗೆ ಅತ್ತೆ ಕೈ ತೊಳೆದು ಹೇಳಿದರು:

"ಅಳಿಯಂದ್ರಿಗೆ ಹೇಳು ಮಗಳೇ, ಈ ಸೋಮಾರಿಯನ್ನ ನಂಬಬೇಡಿ ಅಂತ. ಬಂದಾಗಿಂದ ನೋಡ್ತಿದ್ದೀನಿ, ಕಾಲು ಚಾಚ್ಕೊಂಡು ಬಿದ್ದಿದ್ದಾನೆ!"

ನಲಿಯಾಕಾ ನಿಟ್ಟುಸಿರಿಟ್ಟಳು. "ನಾನು ಮದುವೆ ಆದಾಗಿಂದ ನೋಡ್ತಿದ್ದೀನಮ್ಮಾ!"